ಹತ್ತು ವರ್ಷ ಕಳೆದು ಬರೆದ ವಯಸ್ಸು

ಕ್ಲೆಮೆಂಟ್ ನೊಕುರಿ ಮೇಷ್ಟ್ರಿಗೆ ಲೆಕ್ಕ ಬರುವುದಿಲ್ಲವೆಂದರೆ ಬೂಗನ್‌ವಿಲ್ ದ್ವೀಪದ ನಮ್ಮ ಗುಡ್ಡದಲ್ಲಿ ಯಾರೂ ನಂಬುವುದಿಲ್ಲ. ಆದರೆ ಹತ್ತು ವರ್ಷದ ಯುದ್ಧಕ್ಕೆ ಮುಂಚೆ ಹುಟ್ಟಿದವರ ವಯಸ್ಸನ್ನು ಶಾಲೆಯ ಪಟ್ಟಿಯಲ್ಲಿ ಬರೆಯುವಾಗ ಮಾತ್ರ ಅವರು ನಿರ್ವಿಕಾರಚಿತ್ತದಿಂದ ಆ ಹತ್ತು ವರ್ಷ ಕಳೆದುಬಿಡುತ್ತಿದ್ದರು. "ಅದಿರಲಿ, ಶಾಲೆಯೇ ಇಲ್ಲದ ಕಾಲದಲ್ಲಿ ಹುಡುಗರು ಬೆಳೆದರು ಅಂತ ಹೇಗೆ ಬರೀಲಿ?" ಎನ್ನುವರು. ಅವರ ಯಾವ ಮಾತಿಗೂ 'ಅದಿರಲಿ' ಎಂಬ ಪೀಠಿಕೆ ಇರಲೇಬೇಕು.

ಸೆಕೆಗೆ ನಾವೆಲ್ಲ ಅಂಗಿ ಬಿಚ್ಚಿ ಕೂತರೂ ಅವರ ಮೈಮೇಲೆ ಪಾದ್ರಿಯೊಬ್ಬರು ಬಿಟ್ಟುಹೋದ ಕಪ್ಪು ಕೋಟು; ಅದರ ಜೇಬಿನಲ್ಲಿ ಸೀಮೆಸುಣ್ಣದ ಚೂರೂ ಅಡಿಕೆಗೆ ಹಚ್ಚುವ ಸುಣ್ಣವೂ ಏಕತ್ರ ವಾಸಿಸುತ್ತಿದ್ದು, ಬಾಯಿಗೆ ಯಾವುದು, ಹಲಗೆಗೆ ಯಾವುದು ಎಂಬುದು ಅವರೊಬ್ಬರಿಗೇ ಗೊತ್ತು. ಯುದ್ಧದಲ್ಲಿ ಕಾಡು ಹೊಕ್ಕು ಬೇರುಗಳನ್ನು ದಾಟಿ ದಾಟಿ ಅಭ್ಯಾಸವಾದ ಕಾಲು ಸಪಾಟು ಅಂಗಳದಲ್ಲೂ ಎತ್ತೆತ್ತಿ ಬೀಳುತ್ತಿತ್ತು. ಮಕ್ಕಳು ಹಿಂದಿನಿಂದ ಹಾಗೆಯೇ ನಡೆದು ಅಣಕಿಸುತ್ತಿದ್ದರು.

ಶಾಂತಿಯಾಯಿತು, ಗರಿಯ ಮಾಡಿನ ಶಾಲೆ ಮತ್ತೆ ತೆರೆಯಿತು. ಸರ್ಕಾರ ತಲೆಗಿಷ್ಟೆಂದು ಅನುದಾನ ಕೊಡತೊಡಗಿತು. ಎಪ್ಪತ್ತು ಮಕ್ಕಳ ಹಿಂದೆ, ಓದು ಅರ್ಧಕ್ಕೇ ನಿಂತು ಬಂದೂಕು ಹಿಡಿದಿದ್ದ ಹನ್ನೊಂದು ಗಂಡಸರು ಮೊಣಕಾಲು ಮಡಚಿ ಕೂತರು. ಅವರಲ್ಲೊಬ್ಬ ಲಿನುಸ್ ಬಾರಿಯಾ. ಅವನ ಮಗಳು ಅಗ್ನೆತಾ ಮುಂದಿನ ಸಾಲಿನಲ್ಲಿ.

ಬೂಕಾ ಪಟ್ಟಣದಿಂದ ತಪಾಸಣೆಗೆ ಬಂದ ಅಧಿಕಾರಿ ಪಟ್ಟಿ ನೋಡಿದ, ಲಿನುಸ್‌ನ ಗಡ್ಡ ನೋಡಿದ.

"ಇವನಿಗೆ ಹದಿನಾಲ್ಕಾ, ಮೇಷ್ಟ್ರೇ?"

"ಹೌದು."

"ಆರು ವರ್ಷದ ಮಗಳಿದ್ದಾಳಲ್ರೀ ಇವನಿಗೆ."

"ಅದಿರಲಿ, ಹುಡುಗ ಸ್ವಲ್ಪ ಚುರುಕು."

ಇಡೀ ಶಾಲೆ ಗೊಳ್ಳೆಂದಿತು, ಅಧಿಕಾರಿಯೂ ನಕ್ಕ. ಆಮೇಲೆ ಮೆಲ್ಲಗೆ ಹೇಳಿದ: "ಹದಿನೆಂಟು ದಾಟಿದವರಿಗೆ ದುಡ್ಡಿಲ್ಲ. ಹನ್ನೊಂದು ಹೆಸರು ತೆಗೀರಿ, ಇಲ್ಲಾಂದ್ರೆ ಇಡೀ ಶಾಲೆಯ ಅನುದಾನ ನಿಲ್ಲುತ್ತೆ. ಸುಳ್ಳಿಗೆ ನಾನು ಸಹಿ ಹಾಕೋಕಾಗಲ್ಲ." ಪಾಪ, ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಮೇಷ್ಟ್ರು ಪಟ್ಟಿಯನ್ನು ಎದೆಗವಚಿ ಕೂತರು. ಲಿನುಸನೇ ಎದ್ದುಬಂದ. "ಹೊಡೆದುಹಾಕಿ ಮೇಷ್ಟ್ರೇ. ನಮ್ಮ ಓದು ಹೋದದ್ದು ಹೋಯ್ತು. ಈ ಕೂಸುಗಳದ್ದೂ ನಮ್ಮಿಂದ ಹಾಳಾಗೋದು ಬೇಡ."

ಕಾಡಿನಲ್ಲಿ ಹಸಿವಿಗೆ, ಗುಂಡಿಗೆ ಅಂಜದ ಮೇಷ್ಟ್ರು ಆ ಹನ್ನೊಂದು ಗೆರೆ ಎಳೆಯುವಷ್ಟರಲ್ಲಿ ಬೆವತು ಹೋದರು. ಕಾಗದವನ್ನು ಅಧಿಕಾರಿಗೆ ಕೊಟ್ಟು, ಕಣ್ಣೊರೆಸಿಕೊಂಡು, ಹಿಂದಿನ ಸಾಲಿನ ಕಡೆ ತಿರುಗಿ ಗದರಿದರು: "ಹೆಸರು ಹೊಡೆದಿದೀನಿ, ರಜೆ ಕೊಟ್ಟಿಲ್ಲ. ನಾಳೆ ಬರದಿದ್ರೆ ಕಿವಿ ಹಿಂಡ್ತೀನಿ, ಮಕ್ಕಳ ಮುಂದೇನೇ."

ಮರುದಿನ ಹಾಜರಿ ಪುಸ್ತಕದಲ್ಲಿದ್ದ ಎಪ್ಪತ್ತು ಹೆಸರು ಕರೆದು ಮುಗಿಸಿ ಅದನ್ನು ಮುಚ್ಚಿಟ್ಟರು. ಕೈಕಟ್ಟಿ ನಿಂತು, ಬಾಯಿಪಾಠದಿಂದ ಇನ್ನೂ ಹನ್ನೊಂದು ಕರೆದರು. ಒಬ್ಬೊಬ್ಬನೂ ಓಗೊಟ್ಟ. ಎಪ್ಪತ್ತು ಜನಕ್ಕೆ ಬಂದ ಪುಸ್ತಕಗಳಲ್ಲಿ ಎಂಬತ್ತೊಂದು ಜನ ಓದಿದರು. ಲಿನುಸನಿಗೆ ಪಾಲು ಸಿಕ್ಕಿದ್ದು ಮಗಳ ಪುಸ್ತಕದಲ್ಲಿ, ಅವಳು ಕೊಟ್ಟಾಗ ಮಾತ್ರ.

ಯುದ್ಧ ಮುಗಿದ ನಾಡಿನಲ್ಲಿ ಸತ್ತವರನ್ನು ಎಣಿಸುವವರು ಬರುತ್ತಾರೆ, ಸುಟ್ಟ ಮನೆಗಳನ್ನು ಎಣಿಸುವವರೂ ಬರುತ್ತಾರೆ. ಬದುಕುಳಿದೂ ಯಾವ ಪಟ್ಟಿಗೂ ಸೇರದೆ ಉಳಿದವರನ್ನು ದಿನಾ ಬೆಳಿಗ್ಗೆ ಹೆಸರು ಹಿಡಿದು ಕೂಗುವ ಇಂಥವರು ಮಾತ್ರ ವಿರಳ. ನಾಡು ಕಟ್ಟುವುದು ಅವರೊಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ, ಆದರೆ ಅವರು ಕೂಗಿದ್ದರಿಂದಲೇ ಗಡ್ಡ ಬಂದ ಎಷ್ಟೋ ಮಕ್ಕಳು 'ಇದ್ದೀನಿ' ಎಂದದ್ದು.