ರಜಬ್ ಹತ್ತು

"ಇದು ನೋಡು, ಇದು!" ಎಂದು ಅಬ್ದುಲ್ ಜಲೀಲ್ ಊಟದ ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನು ಹೆಂಡತಿಯತ್ತ ತಿರುಗಿಸಿದ. ಸಾಲೆಹಾ ಕೈಯಲ್ಲಿದ್ದ ಬೆಂಡೆಕಾಯಿ ಕೆಳಗಿಡುವ ಗೋಜಿಗೂ ಹೋಗಲಿಲ್ಲ. ಮೂರು ತಿಂಗಳಲ್ಲಿ ಇದು ನಾಲ್ಕನೆಯ 'ಇದು'.

ಕಂಪನಿ ಬಿಟ್ಟು, ಅರಬ್ಬೀ ಪ್ರಾಯೋಜಕ ಕಫೀಲನ ದಯೆಯಿಂದ ಇಕಾಮಾ ಎಂಬ ವಾಸದ ಪರವಾನಗಿ ಉಳಿಸಿಕೊಂಡು, ಬೆಂಕಿ ಸುರಕ್ಷತೆಯ ಸಲಹೆಗಾರನಾದ ಮೇಲೆ ಹತ್ತಿಕೊಂಡ ರೋಗವಿದು. ಗಿರಾಕಿಗಳು ಆರೇ ಆರು. ಅವರನ್ನು ನಿಭಾಯಿಸಲು ಓಪನ್ ಸೋರ್ಸ್ ಸಾಫ್ಟ್‌ವೇರ್‌ನ ಹುಡುಕಾಟ. ಮೊದಲನೆಯದರ ಬಣ್ಣ ಹಿಡಿಸಲಿಲ್ಲ. ಎರಡನೆಯದರಲ್ಲಿ ಗೋದಾಮು, ಹಾಜರಿ ಎಲ್ಲ ಇತ್ತು. ಮಹಾಶಯ ಒಬ್ಬನೇ ಕೂತು ತನಗೆ ತಾನೇ ಎರಡು ದಿನ ರಜೆ ಮಂಜೂರು ಮಾಡಿಕೊಂಡ. ಮೂರನೆಯದನ್ನು ಹಾಕುವ ಭರದಲ್ಲಿ ಮಗಳು ಅಸೀಲಾಳ ಶಾಲೆಯ ಪ್ರಾಜೆಕ್ಟ್ ಅಳಿಸಿಹೋಯಿತು. "ಕಫೀಲ್ ಇಲ್ಲದ ಸಾಫ್ಟ್‌ವೇರ್, ಯಾರ ಹಂಗೂ ಇಲ್ಲ. ಒಳಗಿನ ಕೋಡ್ ಸಹ ನೋಡ್ಬಹುದು," ಎಂದು ತಮ್ಮ ಥುಕ್ಬಾ ಬಡಾವಣೆಯ ತುಂಬ ಸಾರಿಕೊಂಡು ಬಂದ. ಅದರಲ್ಲಿ ಅವನಿಗೆ ಒಂದು ಸಾಲು ಓದಲು ಬಂದಿದ್ದರೂ ಸಾಲೆಹಾ ಮೆಚ್ಚುತ್ತಿದ್ದಳು.

"ಸುಜಿತ್‌ನ ಸರ್ಟಿಫಿಕೇಟ್ ಎಂತ ಆಯ್ತು?" ಎಂದಳು.

ಆರು ಗಿರಾಕಿಗಳಲ್ಲಿ ದೊಡ್ಡವನಾದ, ಜುಬೈಲ್ ಪಟ್ಟಣದ ಸುಜಿತ್‌ನ ವರ್ಕ್‌ಶಾಪಿನಿಂದಲೇ ಈ ಮನೆ ನಡೆಯುತ್ತಿದ್ದುದು. ಬೆಂಕಿ ಸುರಕ್ಷತೆಯ ಸರ್ಟಿಫಿಕೇಟಿನ ಅವಧಿ ಮೀರಿದರೆ ವರ್ಕ್‌ಶಾಪಿಗೆ ಬೀಗ. ಬೀಗ ಬಿದ್ದರೆ ಸುಜಿತ್ ಬೇರೆ ಸಲಹೆಗಾರನನ್ನು ನೋಡಿಕೊಳ್ಳುತ್ತಾನೆ, ತಾಯಿ ಮಗಳು ಊರಿನ ವಿಮಾನ ಹತ್ತಬೇಕಾಗುತ್ತದೆ.

"ಇನ್ನೂ ಹದಿಮೂರು ದಿನ ಉಂಟು. ನೋಡು, ಇದರಲ್ಲಿ ಹಸಿರು ದೀಪ."

"ಹೋದ ವರ್ಷ ರಜಬ್ ಹತ್ತಕ್ಕೆ ಆದದ್ದಲ್ವಾ? ಇವತ್ತು ರಜಬ್ ಏಳು."

"ಹೋದ ವರ್ಷದ ತಾರೀಕು ಹಾಕಿದ್ದೇನೆ, ಒಂದು ವರ್ಷ ಅದೇ ಸೇರಿಸಿದೆ. ನಿನ್ನ ಬಕಾಲ ಅಂಗಡಿಯ ಕ್ಯಾಲೆಂಡರ್ ಮೆಷಿನ್‌ಗಿಂತ ದೊಡ್ಡದಾ, ಮಾರಾಯ್ತಿ?"

ಇಪ್ಪತ್ತು ವರ್ಷ ಈ ದೇಶದ ಅನ್ನ ತಿಂದು, ಪ್ರತಿ ವರ್ಷ ರಮ್ಜಾನ್ ಹತ್ತು ಹನ್ನೊಂದು ದಿನ ಮುಂಚೆ ಬರುವುದನ್ನು ಕಂಡೂ, ಸರ್ಟಿಫಿಕೇಟಿನ ಚಂದ್ರನ ಲೆಕ್ಕದ ಹಿಜ್ರಿ ವರ್ಷಕ್ಕೆ ಇಂಗ್ಲಿಷ್ ವರ್ಷ ಲೆಕ್ಕ ಹಾಕಿ ಕೂತವನಿಗೆ ಏನು ಹೇಳುವುದು? ಇವನು ಊರವರಿಗೆಲ್ಲ ಸಲಹೆ ಕೊಡುವವನು! ಸಾಲೆಹಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಸುಜಿತ್‌ಗೆ ಫೋನ್ ಮಾಡಿದಳು.

ಬೆಂಡೆಕಾಯಿ ಒಲೆಗೇರುವ ಮೊದಲೇ ಜಲೀಲನ ಫೋನ್ ರಿಂಗಾಯಿತು. ಅವನಿಗೆ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವ ಚಟ.

"ಜಲೀಲ್ ಭಾಯ್, ಸಾಲೆಹಕ್ಕ ಹೇಳಿದ್ದಕ್ಕೆ ಗೋಡೆಯ ಸರ್ಟಿಫಿಕೇಟ್ ನೋಡಿದೆ. ಬರೀ ಮೂರು ದಿನ! ನಮ್ಮ ಗಾಡಿ ಅಲ್ಲೇ ನಿಮ್ಮ ಹತ್ರ ಖೋಬರ್‌ನಲ್ಲಿ ಉಂಟು, ಕಳಿಸಿದ್ದೇನೆ. ಇವತ್ತೇ ಬಂದು ನೋಡಿದ್ರೆ ನಾಳೆ ರಿಪೋರ್ಟ್ ಹಾಕ್ಬಹುದು. ಇನ್ನು ಮುಂದೆ ತಾರೀಕೆಲ್ಲ ನಾನು ಅಕ್ಕನ ಹತ್ರವೇ ಕೇಳೂದು."

ಜಲೀಲ್ ಫೋನ್ ಇಟ್ಟು ಹೆಂಡತಿಯತ್ತ ತಿರುಗಿದ. ಲ್ಯಾಪ್‌ಟಾಪಿನಲ್ಲಿ ಹಸಿರು ದೀಪ ಉರಿಯುತ್ತಲೇ ಇತ್ತು.

"ನೀನು ನನಗೆ ಹೇಳ್ಬಹುದಿತ್ತಲ್ಲ?"

"ಹೇಳಿದೆ."

ಅವನು ಕನ್ನಡಕ ಹಾಕಿಕೊಂಡು ಅಡಿಗೆಮನೆಗೆ ಬಂದು, ಫ್ರಿಜ್‌ನ ಪಕ್ಕದ ಕ್ಯಾಲೆಂಡರಿನ ಮುಂದೆ ನಿಂತ. ರಜಬ್ ಹತ್ತರ ಸುತ್ತ ಪೆನ್ಸಿಲ್ ಗೆರೆ, ಕೆಳಗೆ 'ಸುಜಿತ್'. ಹಾಳೆ ಮಗುಚಿದ. ಮುಂದಿನ ತಿಂಗಳು ಶಾಬಾನಿನಲ್ಲಿ ಥುಕ್ಬಾದ ಬೇಕರಿ, ಅದರ ಕೆಳಗೆ 'ಏಣಿ ಒಯ್ಯಬೇಕು'. ಇನ್ನೊಂದು ಮಗುಚಿದ. ರಮ್ಜಾನಿನಲ್ಲಿ ಮರದ ಗೋದಾಮು, 'ಅಸರ್ ನಮಾಜಿಗೆ ಮೊದಲೇ ಹೋಗಿ, ಮತ್ತೆ ಯಾರೂ ಇರುವುದಿಲ್ಲ'. ಆರು ಗಿರಾಕಿಗಳೂ ಅಲ್ಲಿದ್ದರು, ಸಾಲೆಹಾಳ ಓರೆ ಅಕ್ಷರದಲ್ಲಿ.

"ಯಲ್ಲಾ, ಹೊರಡಿ, ಗಾಡಿ ಬಂತು," ಎಂದಳು ಅವಳು, ಬಾಣಲೆಯಿಂದ ಕಣ್ಣೆತ್ತದೆ.

ಅವನು ಹಾಳೆಗಳನ್ನು ಒಂದೊಂದಾಗಿ ಇಳಿಬಿಟ್ಟು, ಮುದುಡಿದ ಮೂಲೆಯನ್ನು ಹೆಬ್ಬೆರಳಿನಿಂದ ನೀವಿ ಸರಿಮಾಡಿದ.