ಬರಬೇ

ಪ್ಲಾಸ್ಟರಿನ ತುದಿ ಸಿಗದೆ ಅವಳು ಉಗುರಿನಿಂದ ಕೆರೆಯುತ್ತಲೇ ಇದ್ದಳು. ಗಂಡನ ತೋರುಬೆರಳಿಗೆ ಸುತ್ತಿದ್ದ ಆ ಪ್ಲಾಸ್ಟರಿನ ಕೆಳಗೆ ಅಂಗಿಯ ಗುಂಡಿಯಷ್ಟು ಪುಟ್ಟ ಸ್ವಿಚ್ಚು. ಅದರಿಂದ ಹೊರಟ ವೈರು ಮಂಚದ ಪಕ್ಕದ ಕಂಪ್ಯೂಟರಿಗೆ ಹೋಗಿತ್ತು. ಅದನ್ನು ಬಿಡಿಸದೆ ಅವರನ್ನು ಹಜಾರಕ್ಕೆ ಎತ್ತಿಕೊಂಡು ಹೋಗುವಂತಿರಲಿಲ್ಲ.

"ಕತ್ತರಿ ಕೊಡ್ಲಾ?" ಎಂದ ಕ್ಷೌರದಂಗಡಿಯವನು. ಗಂಡನ ಅಂಗಡಿಗೂ ಅವನ ಅಂಗಡಿಗೂ ನಡುವೆ ಒಂದೇ ಗೋಡೆ. ಗೆಳೆಯನ ಗಡ್ಡ ಕೊನೆಯ ಸಲ ಹೆರೆಯಲು ಬೆಳಿಗ್ಗೆಯೇ ಬಂದಿದ್ದ.

"ಬೇಡ, ಬೆರಳಿಗೆ ತಾಗೀತು."

ಅವನು ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡ. ಅವಳು ಬಗ್ಗಿ ಹಲ್ಲಿನಿಂದ ತುದಿ ಕಚ್ಚಿ ಎಳೆದಳು. ಪ್ಲಾಸ್ಟರು ಬಂತು. ಅದರಡಿಯ ಚರ್ಮ ಬೆಳ್ಳಗೆ ಸುಕ್ಕಾಗಿತ್ತು.

ಹಜಾರದಲ್ಲಿ ಗಂಡನ ಅಕ್ಕ ಗೋಡೆಗೆ ಒರಗಿ ಕೂತಿದ್ದರು. ಬಂದವರಿಗೆಲ್ಲ ಅದೇ ಮಾತು: "ಹುಟ್ಟಿದಾಗಿನಿಂದ ಬಾಯಿ ಮುಚ್ಚಿದವನಲ್ಲ. ಅಂಥವನು ಎರಡು ವರ್ಷ ಮಾತಿಲ್ಲದೆ ಹೋದನಲ್ಲ!"

"ಮಾತಿರಲಿಲ್ಲ ಅಂತ ಯಾರು ಹೇಳಿದ್ದು ಅತ್ತಿಗೆ?" ಎಂದಳು ಅವಳು. "ಬೆಳಗಾದರೆ ನನಗೆ ಬೈಗುಳದ ಸುಪ್ರಭಾತ."

ಅತ್ತಿಗೆ ಕಣ್ಣೊರೆಸಿಕೊಂಡು ಹತ್ತಿರ ಸರಿದರು. "ನನ್ನ ಬಗ್ಗೆ ಏನಾದ್ರೂ ಅಂದಿದ್ನಾ?"

ಅವಳು ಯೋಚಿಸಿದಳು. "ಹೋದ ಸಲ ನೀವು ಬಂದು ಉಳಿದಾಗ, ಅಕ್ಕನ ಗೊರಕೆಗೆ ಗೋಡೆ ಬಿರುಕು ಬಿಟ್ಟೀತು ಅಂದಿದ್ರು."

ಅತ್ತಿಗೆಗೆ ನಗು ಬಂತು. ನಗುತ್ತಲೇ ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕಿದರು.

* * *

ಪೇಟೆಯವರಿಗೆ ಅವಳ ಗಂಡ 'ರೇಡಿಯೊ'. ರೇಡಿಯೊ ರಿಪೇರಿಯಿಂದ ಕಸುಬು ಶುರುವಾಗಿತ್ತು, ಆ ಬಾಯಿಗೂ ಅದೇ ಹೆಸರು ಒಪ್ಪುತ್ತಿತ್ತು. ಕಾಲ ಬದಲಾದಂತೆ ರೇಡಿಯೊ ಹೋಗಿ ಟಿ.ವಿ. ಬಂತು, ಟಿ.ವಿ. ಹೋಗಿ ಕಂಪ್ಯೂಟರ್ ಬಂತು. ಮನೆಯ ಊಟದ ಮೇಜಿನ ಮೇಲೂ ಯಾವುದಾದರೊಂದು ಯಂತ್ರ ಹೊಟ್ಟೆ ಬಿಚ್ಚಿಕೊಂಡು ಬಿದ್ದಿರುತ್ತಿತ್ತು. ಅವಳು ಒರೆಸುವ ಬಟ್ಟೆ ಹಿಡಿದು ಹತ್ತಿರ ಹೋದರೆ ಸಾಕು, "ಲೇ, ಮುಟ್ಟಬೇಡ!" ಸಂಸಾರವೆಲ್ಲ ಹಾಗೆಯೇ ಕಳೆದಿತ್ತು. ಅವಳು ಮುಟ್ಟಲೂ ಇಲ್ಲ, ಎದುರು ಮಾತಾಡಲೂ ಇಲ್ಲ. ಮಾತಿಗೆ ಸಂದು ಎಲ್ಲಿತ್ತು?

ಆಮೇಲೆ ನರಗಳ ಕಾಯಿಲೆ ಬಂತು. ಮೊದಲು ಕಾಲು ಹೋಯಿತು, ಕೈ ಹೋಯಿತು, ಕೊನೆಗೆ ನಾಲಿಗೆ. ಉಳಿದಿದ್ದು ಒಂದು ಬೆರಳ ತುದಿ, ಎರಡು ರೆಪ್ಪೆ. ನಾಲಿಗೆ ತೊದಲಲು ಶುರುವಾದಾಗಲೇ ಅವರು ಈ ಕಂಪ್ಯೂಟರನ್ನು ಸಜ್ಜು ಮಾಡಿಸಿಕೊಂಡಿದ್ದರು. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬೆಳಗುತ್ತ ಹೋಗುತ್ತವೆ. ಬೇಕಾದ ಅಕ್ಷರ ಬಂದಾಗ ಬೆರಳು ಅದುಮಿದರೆ ಅದು ನಿಲ್ಲುತ್ತದೆ. ಪದ ಕೂಡಿದ ಮೇಲೆ ಯಂತ್ರ ಸಪ್ಪೆ ದನಿಯಲ್ಲಿ ಓದುತ್ತದೆ. ಆ ಸಪ್ಪೆ ದನಿಯಲ್ಲೂ ಅವರು ಬೈಯಬಲ್ಲವರಾಗಿದ್ದರು.

* * *

ಮಗಳು ಬಂದಾಗ ಬಿಸಿಲು ಬಾಗಿಲವರೆಗೆ ಬಂದಿತ್ತು. ದೂರದ ಗೋದಾಮಿನಲ್ಲಿ ಕೆಲಸ. ಸಮವಸ್ತ್ರದ ಅಂಗಿಯಲ್ಲೇ ಬಸ್ಸು ಹತ್ತಿದ್ದಳು. ಅಪ್ಪನ ಪಾದ ಹಿಡಿದು ಬಹಳ ಹೊತ್ತು ಕೂತಳು. ಆಮೇಲೆ ಎದ್ದು ಒಳಕೋಣೆಗೆ ಹೋಗಿ ಕಂಪ್ಯೂಟರಿನ ಗುಂಡಿ ಒತ್ತಿದಳು. ಅದು ಒಂದೇ ಸಲಕ್ಕೆ ಎದ್ದಿತು. ಪರದೆಯಲ್ಲಿ ಅಕ್ಷರಗಳು ಸಾಲಾಗಿ ಬೆಳಗಿ, ಕೊನೆ ಮುಟ್ಟಿ, ಮತ್ತೆ ಮೊದಲಿನಿಂದ ಬೆಳಗಿದವು. ಬೇರೇನೂ ಇರಲಿಲ್ಲ.

ತಾಯಿ ಬಾಗಿಲಲ್ಲಿ ನಿಂತಿದ್ದಳು.

"ಸರಿಯಾಗಿದೆಯಲ್ಲಮ್ಮ ಇದು! ಭಾನುವಾರ ಕೆಟ್ಟಿದೆ ಅಂದಿದ್ದೆ?"

"ಅವತ್ತು ಸಂಜೆ ಸರಿ ಹೋಯ್ತು."

"ಹಾಗಾದ್ರೆ ಆ ಮಾತು? ಅಪ್ಪ ಅದನ್ನ ಮುಗಿಸಿದ್ರಾ?"

* * *

ಆ ಭಾನುವಾರ ಬೆಳಿಗ್ಗೆ ಗುಂಡಿ ಒತ್ತಿದರೆ ಒಳಗಿನ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಪೆಟ್ಟಿಗೆ ಬೀಪ್... ಬೀಪ್... ಎಂದು ಉದ್ದುದ್ದಕ್ಕೆ ಕೂಗತೊಡಗಿತು. ಅದು ಹಾಗಿರುವಾಗಲೇ ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಪ್ರತಿ ಭಾನುವಾರದಂತೆ ಮಗಳ ಫೋನು.

ಯಂತ್ರವಿಲ್ಲದಾಗ ಅವರಿಬ್ಬರಿಗೆ ಒಂದು ದಾರಿಯಿತ್ತು. ಅವಳು ವರ್ಣಮಾಲೆ ಹೇಳುತ್ತ ಹೋಗುವುದು, ಬೇಕಾದ ಅಕ್ಷರಕ್ಕೆ ಅವರು ಕಣ್ಣು ಮುಚ್ಚುವುದು. ಆಮೇಲೆ ಅದರ ಕಾಗುಣಿತ. ಫೋನನ್ನು ಅವರ ಕಿವಿಯ ಬಳಿ ಇಟ್ಟು ಅವಳು ಶುರು ಮಾಡಿದಳು. ಬ. ರ. ಮತ್ತೆ ಬ, ಅದರ ಕಾಗುಣಿತದಲ್ಲಿ ಬೇ.

"ಬರಬೇ..." ಎಂದು ಅವಳು ಕೂಡಿಸಿ ಹೇಳುವಷ್ಟರಲ್ಲಿ ಆ ಕಡೆ ಗಂಟೆ ಹೊಡೆಯಿತು. "ಅಪ್ಪ, ಮೇಲ್ವಿಚಾರಕರು ಕರೀತಿದ್ದಾರೆ. ಮುಂದಿನ ವಾರ ಮುಗಿಸು, ಆಯ್ತಾ?" ಎಂದು ಮಗಳು ಇಟ್ಟಳು.

ಅವರ ಕಣ್ಣು ಪೆಟ್ಟಿಗೆಯ ಕಡೆ ತಿರುಗಿತು. ಅಕ್ಷರ ಕೇಳಿದರೆ ಬಂದಿದ್ದು: ಬಿಚ್ಚು.

"ನಾನಾ?"

ಕಣ್ಣು ಮುಚ್ಚಿತು. ಹೌದು.

ಅವಳು ಸ್ಕ್ರೂಡ್ರೈವರ್ ತಂದಳು. ಸ್ಕ್ರೂ ಬಿಚ್ಚಿ ತಗಡು ಸರಿಸಿದಳು. ಒಳಗೆ ಧೂಳಿನ ಮುದ್ದೆ. ಮುಂದಿನ ಪದ: ಪಟ್ಟಿ. ಒಂದೊಂದೇ ಭಾಗಕ್ಕೆ ಬೆರಳು ತೋರಿಸುತ್ತ ಹೋದಳು. ಉದ್ದನೆಯ ಹಸಿರು ಪಟ್ಟಿಗೆ ಬೆರಳು ಬಂದಾಗ ಕಣ್ಣು ಮುಚ್ಚಿತು. ಕಂಪ್ಯೂಟರಿನ ನೆನಪಿರುವ ಪಟ್ಟಿಯಂತೆ ಅದು. ಕಿತ್ತಳು. ಮುಂದಿನ ಪದ: ರಬ್ಬರು. ಅವಳು ರಬ್ಬರ್ ಬ್ಯಾಂಡ್ ತಂದಳು. ಅವರು ಕಣ್ಣು ಮೇಲಕ್ಕೆ ಹೊರಳಿಸಿದರು, ನಾಲಿಗೆಯಿದ್ದಿದ್ದರೆ 'ನಿನ್ನ ತಲೆ' ಎನ್ನುತ್ತಿದ್ದರು. ಚಪ್ಪಲಿ ತೋರಿಸಿದಳು. ಮತ್ತೆ ಹೊರಳಿತು. ಕೊನೆಗೆ ಪೆನ್ಸಿಲ್ ಗೀಟು ಅಳಿಸುವ ರಬ್ಬರನ್ನು ಪಕ್ಕದ ಮನೆಯಿಂದ ತಂದು, ಪಟ್ಟಿಯ ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಮಗುವಿನ ಹಲ್ಲು ಉಜ್ಜಿದಂತೆ ಉಜ್ಜಿದಳು. ಎರಡೂ ತುದಿ ಟಕ್ ಎನ್ನುವವರೆಗೆ ಒತ್ತಿದಳು. ಗುಂಡಿ ಅದುಮಿದಳು.

ಒಂದೇ ಒಂದು ಚಿಕ್ಕ ಬೀಪ್. ಪರದೆ ಬೆಳಗಿತು. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಬೆರಳು ಅದುಮಿತು, ಅದುಮಿತು. ಕಡೆಗೆ ಯಂತ್ರ ಮಾತಾಡಿತು: "ಒಂದು ಸ್ಕ್ರೂ ಮಂಚದ ಕೆಳಗೆ ಬಿದ್ದಿದೆ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವರ ಕಣ್ಣಂಚಿನಲ್ಲಿ ನೀರಿತ್ತು.

"ಮಗಳಿಗೆ ಏನು ಹೇಳೋಕೆ ಹೊರಟಿದ್ರಿ? ಬರಬೇಕು ಅಂತಲಾ, ಬರಬೇಡ ಅಂತಲಾ?"

"ಅದು ಅವಳಿಗೆ. ನಿನಗಲ್ಲ. ಭಾನುವಾರ ನಾನೇ ಹೇಳ್ತೀನಿ."

ಅವಳಿಗೆ ಚುರುಕ್ ಎಂದಿತು. ಯಂತ್ರ ಸರಿಹೋದ ಕೂಡಲೇ ಹೆಂಡತಿಯ ಬಾಯಿ ಬೇಡವಾಯಿತಲ್ಲ! ಮತ್ತೆ ಕೇಳಲಿಲ್ಲ. ಭಾನುವಾರಕ್ಕೆ ಇನ್ನೂ ಎರಡು ದಿನವಿರುವಾಗ ಅವರು ನಿದ್ದೆಯಲ್ಲೇ ಹೋದರು.

* * *

"ಬರಬೇಕು ಅಂತಲೇ ಕಣೇ," ಎಂದರು ಬೆನ್ನಹಿಂದೆ ಬಂದು ನಿಂತಿದ್ದ ಅತ್ತಿಗೆ, ಮಗಳ ತಲೆ ಸವರುತ್ತ. "ಯಾವ ಅಪ್ಪ ಮಗಳಿಗೆ ಬರಬೇಡ ಅಂತಾನೆ?"

"ಬರಬೇಕು ಅಂದಿದ್ರೆ ನಾನು ಬರಲಿಲ್ಲವಲ್ಲ ಅತ್ತೆ."

ಕ್ಷೌರದಂಗಡಿಯವನು ಗಂಟಲು ಸರಿಮಾಡಿಕೊಂಡ. "ಆರು ತಿಂಗಳಿಂದ ನನ್ನನ್ನೇ ಒಳಗೆ ಬಿಟ್ಟುಕೊಂಡಿಲ್ಲ ಮಗಳೇ. ಈ ಮುಖ ಯಾರೂ ನೋಡೋದು ಬೇಡ ಅಂತ. ಬರಬೇಡ ಅಂದಿರಬಹುದು."

"ನೋಡೋದೂ ಬೇಡವಾಗಿತ್ತಾ ನನ್ನನ್ನ?"

ಅತ್ತಿಗೆ ತಾಯಿಯನ್ನು ಪಕ್ಕಕ್ಕೆಳೆದು ಪಿಸುಗುಟ್ಟಿದರು: "ಏನಾದ್ರೂ ಒಂದು ಒಳ್ಳೇ ಮಾತು ಹೇಳಿಬಿಡೇ. ನಿನ್ನ ಗಂಟೇನು ಹೋಗುತ್ತೆ? ಸತ್ತವನು ಎದ್ದು ಬಂದು ಅಲ್ಲ ಅಂತಾನಾ?"

ಅವಳು ಮಗಳ ಮುಖ ನೋಡಿದಳು. ಮಾತು ನಾಲಿಗೆಯ ತುದಿಗೆ ಬಂತು. ನಿಂತಿತು.

"ಎರಡು ವರ್ಷ ನಾನು ಅವರ ಬಾಯಾಗಿದ್ದೆ ಮಗಳೇ," ಎಂದಳು. "ಬೈದರೆ ಬೈದದ್ದನ್ನೇ ಹೇಳಿದ್ದೀನಿ. ಒಂದಕ್ಷರ ಸೇರಿಸಿಲ್ಲ, ಬಿಟ್ಟಿಲ್ಲ. ನನ್ನ ಹತ್ರ ಇರೋದು ಇಷ್ಟೇ. ಬರಬೇ."

ಮಗಳು ಪರದೆಯ ಕಡೆ ತಿರುಗಿಕೊಂಡಳು. ಹೊರಗೆ ವಾಹನ ಬಂದು ನಿಂತ ಸದ್ದಾಯಿತು.

* * *

ಸ್ಮಶಾನದಲ್ಲಿ ತೋಡಿದ ಗುಂಡಿಯ ಬಳಿ ಮಣ್ಣು ಇನ್ನೂ ಹಸಿಯಾಗಿತ್ತು. ಹಗ್ಗ ಹಿಡಿದವರು ಸಿದ್ಧರಾಗಿದ್ದರು. ಮುಖದ ಮೇಲೆ ಬಟ್ಟೆ ಎಳೆಯಲು ಒಬ್ಬ ಕೈ ಚಾಚಿದಾಗ ಮಗಳು ಅವನನ್ನು ತಡೆದು, ಮಂಡಿಯೂರಿ ಕೂತಳು. ಅಪ್ಪನ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳಿದಳು. ಆಮೇಲೆ ಅವರ ರೆಪ್ಪೆಗಳನ್ನೇ ನೋಡುತ್ತ, ಮೆಲ್ಲಗೆ, ಒಂದೊಂದಕ್ಕೂ ನಿಲ್ಲುತ್ತ ಶುರು ಮಾಡಿದಳು.

"ಕ... ಖ... ಗ..."

ಹಗ್ಗ ಹಿಡಿದವರು ಮುಖ ಮುಖ ನೋಡಿಕೊಂಡರು. ಅವರಲ್ಲಿ ಹಿರಿಯನು, "ಅಮ್ಮ, ಹೊತ್ತಾಗ್ತಿದೆ" ಎಂದ.

"ಸ್ವಲ್ಪ ತಾಳಪ್ಪ," ಎಂದಳು ಹಿಂದೆ ನಿಂತಿದ್ದ ತಾಯಿ. "ಒಂದು ಮಾತು ಮುಗಿಸೋಕೆ ಅವರಿಗೆ ಹೊತ್ತು ಹಿಡಿಯುತ್ತೆ."

ಅವನು ಹಗ್ಗವನ್ನು ಕೆಳಗಿಟ್ಟು, ಕೈಗಳ ಮಣ್ಣು ಕೊಡವಿ ನಿಂತ. ಮಗಳು ಡ ದಾಟಿದಳು, ತ ದಾಟಿದಳು, ಬ ದಾಟಿ ಮುಂದಕ್ಕೆ ಹೋದಳು.