ಹಾಡಿದರೆ ಸರಿಯುವ ಹಳಿ

ನಾನೊಂದು ಹಾರೆ. ಕುಲುಮೆಯಲ್ಲಿ ಕೆಂಪಗೆ ಕಾದು, ಸುತ್ತಿಗೆಯ ಏಟು ತಿಂದು, ನೀರಿಗೆ ಬಿದ್ದು 'ಚುಂಯ್' ಅಂದದ್ದೇ ನನ್ನ ಮೊದಲ ಅಳು. ಅಲ್ಲಿಂದ ಲಾರಿ ಹತ್ತಿ ಗದಗಿನ ಆಚೆ, ರೈಲು ಹಳಿ ನೋಡಿಕೊಳ್ಳುವ ಒಂದು ಗ್ಯಾಂಗಿಗೆ ಬಂದೆ. ಎಂಟು ಜನ, ಎಂಟು ಹಾರೆ, ಕೆಲಸ ಮಾಡಿಸಲು ಮೇಲೊಬ್ಬ ಮೇಟ್. ನಾನು ಯಮನೂರಪ್ಪನ ಪಾಲಿಗೆ ಬಿದ್ದೆ. ಅವನ ಅಂಗೈ ನನಗಿಂತ ಗಟ್ಟಿ!

ಹಳಿ ಸೊಟ್ಟಗಾದರೆ ನಾವೆಂಟೂ ಹಾರೆಗಳು ಅದರಡಿ ತೂರಿ ಒಂದೇ ಉಸಿರಿಗೆ ನೂಕಬೇಕು. ಅದಕ್ಕೇ ಹಾಡು. ಯಮನೂರಪ್ಪ ಒಂದು ಸಾಲು ಎಸೆದರೆ ಉಳಿದವರು 'ಹೈಸಾ!' ಅನ್ನುತ್ತಾರೆ. ಹಾಡಿನಲ್ಲಿ ಮೇಟನನ್ನೇ ಗೇಲಿ ಮಾಡುವುದು ಗ್ಯಾಂಗಿನ ಪದ್ಧತಿ. ಹಳೆಯ ಮೇಟ್ ದಾವಲಸಾಬ ತನ್ನ ಬೋಳುತಲೆಯ ಹಾಡಿಗೆ ತಾನೇ ಮೊದಲು ನಗುತ್ತಿದ್ದ.

ಅವನು ನಿವೃತ್ತನಾದ ಮೇಲೆ ಶಿವರುದ್ರಪ್ಪ ಬಂದ. ತೆಳ್ಳಗಿನ ಉದ್ದ ಮೀಸೆ, ಕೊರಳಲ್ಲಿ ಸೀಟಿ. ಮೊದಲ ದಿನವೇ ಯಮನೂರಪ್ಪ ಶುರು ಮಾಡಿದ:

"ಮೇಟನ ಮೀಸಿ..."

"ಹೈಸಾ!"

"ಬೆಕ್ಕಿನ ಬಾಲ..."

"ಏಯ್, ಬಂದ್ ಮಾಡ್ರಿ!" ಶಿವರುದ್ರಪ್ಪ ಗುಡುಗಿದ. "ಸೀಟಿ ಊದಿದ್ರ ನೂಕ್ರಿ. ಬಾಯಿ ತಗದವ್ರನ್ನ ಬ್ಯಾರೆ ಗ್ಯಾಂಗಿಗೆ ಕಳಸ್ತೀನಿ."

ಬಾಯಿಗಳು ಮುಚ್ಚಿದವು. ಸೀಟಿ ಊದಿದಷ್ಟು ಹೊತ್ತು ನೂಕುತ್ತಿದ್ದರು, ಗುಲಗಂಜಿಯಷ್ಟೂ ಹೆಚ್ಚಿಲ್ಲ. ಮೊದಲೆಲ್ಲ ಸಂಜೆ ನನ್ನನ್ನು ಒರೆಸಿ ಇಡುತ್ತಿದ್ದ ಯಮನೂರಪ್ಪ ಈಗ ಮೂಲೆಗೆ ಬಿಸಾಡುತ್ತಿದ್ದ. ನನಗೆ ತುಕ್ಕು ಹಿಡಿಯತೊಡಗಿತು.

ಒಂದು ಬೆಳಿಗ್ಗೆ ತಿರುವಿನಲ್ಲಿ ಹಳಿ ನಾಲ್ಕು ಬೆರಳು ಸರಿದಿತ್ತು. ರೈಲು ನಿಲ್ಲಿಸಿ ಒಂದು ತಾಸು ಕೊಟ್ಟಿದ್ದರು. ಅಷ್ಟರಲ್ಲಿ ಆಗದಿದ್ದರೆ ಹಿಂದಿನ ಸ್ಟೇಷನ್ನಿನಲ್ಲಿ ಕಾಯುತ್ತಿದ್ದ ಪ್ಯಾಸೆಂಜರ್ ಗಾಡಿ ಅಲ್ಲೇ. ಶಿವರುದ್ರಪ್ಪನ ಹೊಸ ಮೇಟ್‌ಗಿರಿಯೂ ಅಲ್ಲೇ! ಸೀಟಿ, ನೂಕು. ಸೀಟಿ, ನೂಕು. ಅರ್ಧ ತಾಸಾದರೂ ಹಳಿ ಎಮ್ಮೆಯಂತೆ ಮಲಗೇ ಇತ್ತು. ಮೀಸೆಯ ತುದಿಯಿಂದ ಬೆವರು ತೊಟ್ಟಿಕ್ಕಿತು.

"ಯಾಕ್ರೋ ಸರಿವಲ್ದು?"

"ನೀವು ಹೇಳಿದಷ್ಟು ನೂಕಾಕ್ಹತ್ತೀವಲ್ರಿ," ಎಂದ ಯಮನೂರಪ್ಪ, ನನ್ನ ಮೇಲೆ ಗದ್ದ ಊರಿ.

ಶಿವರುದ್ರಪ್ಪ ಹಳಿಯನ್ನು ನೋಡಿದ, ಎಂಟು ಮುಖಗಳನ್ನು ನೋಡಿದ. ಸೀಟಿ ತೆಗೆದು ಜೇಬಿಗಿಟ್ಟ. ಕತ್ತೆಯೂ ಬೆಚ್ಚುವ ರಾಗದಲ್ಲಿ ತಾನೇ ಎತ್ತಿಕೊಂಡ:

"ಮೇಟನ ಮೀಸಿ..."

ಯಮನೂರಪ್ಪನ ಗದ್ದ ನನ್ನ ಮೇಲಿಂದ ಜಾರಿತು.

"ಯಾಕ್ರಪ್ಪಾ, ಮರತ್ರೇನು? ಬೆಕ್ಕಿನ ಬಾಲ..."

"ಹೈಸಾ!"

"ಬೆಕ್ಕಿಗೆ ಹಸಿವಿ..."

"ಹೈಸಾ!"

"ರೊಟ್ಟಿ ಗಂಟು ಬಿಚ್ಚೂಣು..."

"ಹೈಸಾ!"

ಅಬ್ಬಾ, ಆ ನೂಕು! ನನ್ನ ಸೊಂಟ ಬಾಗಿತು, ಹಳಿ ನರಳಿತು, ಸರಿಯಿತು! ಹತ್ತು ನಿಮಿಷ ಇನ್ನೂ ಉಳಿದಿತ್ತು. ಪ್ಯಾಸೆಂಜರ್ ಗಾಡಿ ಸೀಟಿ ಹಾಕುತ್ತಾ ದಾಟಿದಾಗ ಎಲ್ಲರೂ ರೊಟ್ಟಿ ಮುರಿಯುತ್ತಿದ್ದರು. ಆ ಸಂಜೆ ನನ್ನನ್ನು ಮತ್ತೆ ಒರೆಸಿಟ್ಟರು.

ಸೊಂಟ ಮಾತ್ರ ನೆಟ್ಟಗಾಗಲಿಲ್ಲ. ಈಗ ನಾನು ಗ್ಯಾಂಗಿನ ಗುಡಿಸಲ ಮುಂದೆ ಟವೆಲ್ ಒಣಗಿಸುವ ಗೂಟ. ಶಿವರುದ್ರಪ್ಪ ನಿವೃತ್ತನಾದ ದಿನ ಆ ಸೀಟಿಯನ್ನು ನನ್ನ ಕೊರಳಿಗೇ ಕಟ್ಟಿ ಹೋದ. ಎಂಟು ಜೊತೆ ತೋಳಿನಲ್ಲಿ ಬಲ ಮೊದಲಿನಿಂದಲೂ ಇತ್ತು. ಸೀಟಿ ಊದಿ ಕರೆದರೆ ಅದು ಬರುವುದಿಲ್ಲ ಎಂದು ನನ್ನ ತುಕ್ಕಿಗೂ ಗೊತ್ತು.

ಮೊನ್ನೆ ಹೊಸ ಮೇಟ್ ಬಂದಳು. ಬಂದವಳೇ ಸೀಟಿಯ ಪಕ್ಕ ತನ್ನ ಟವೆಲ್ ಹರವಿ ಕೇಳಿದಳು:

"ನನ್ನ ಮ್ಯಾಲ ಹಾಡು ಯಾವಾಗ ಕಟ್ಟತೀರಿ?"